ಉತ್ತರ ಕೊಡುವವರ ಭಯ, ಲೆಕ್ಕ ಹಾಕುವವರ ಹೊಣೆ

ಎಚ್‌ಐವಿ ಬಗ್ಗೆ ಬಾನುಲಿಯಲ್ಲಿ ನೀವು ವೈದ್ಯರ ಮಾತು ಕೇಳಿದ್ದೀರಿ. ಆಪ್ತ ಸಮಾಲೋಚಕರ ಮಾತೂ ಕೇಳಿದ್ದೀರಿ. ಇವತ್ತು ಮಾತಾಡಬೇಕೆಂದಿರುವುದು ಇನ್ನೊಂದು ಗುಂಪಿನವರ ಕೆಲಸದ ಬಗ್ಗೆ. ಎಚ್‌ಐವಿ ತಡೆಯುವ ಸಂಶೋಧನೆಯಲ್ಲಿ ಲೆಕ್ಕ ನೋಡುವವರು ಇವರು. ದತ್ತಾಂಶ ವಿಶ್ಲೇಷಕರು ಎಂದು ಇವರ ಹುದ್ದೆಗೆ ಹೆಸರು. ಇವರು ರೋಗಿಯನ್ನು ನೋಡುವುದಿಲ್ಲ, ರಕ್ತ ತೆಗೆಯುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಇವರ ಮುಂದಿರುವುದು ಒಂದು ಕಂಪ್ಯೂಟರು, ಅದರಲ್ಲಿ ಸಾವಿರಾರು ಸಾಲು ಅಂಕಿಗಳು. ಆದರೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಹಣ ಕೊಡಬೇಕು, ಯಾವ ಔಷಧಿಯನ್ನು ಒಪ್ಪಬೇಕು, ಯಾವ ಕಾರ್ಯಕ್ರಮ ನಿಲ್ಲಿಸಬೇಕು ಎಂಬುದೆಲ್ಲ ಕೊನೆಗೆ ಇವರು ಕೊಟ್ಟ ಸಂಖ್ಯೆಯ ಮೇಲೆ ನಿಂತಿರುತ್ತದೆ. 2023ರ ಸರ್ಕಾರಿ ಅಂದಾಜಿನ ಪ್ರಕಾರ ಭಾರತದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಆ ವರ್ಷ ಹೊಸದಾಗಿ ಸೋಂಕು ತಗುಲಿದವರು ಸುಮಾರು 68 ಸಾವಿರ. ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಹೆಚ್ಚಿರುವ ಮೊದಲ ಮೂರು ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಈ ಸಂಖ್ಯೆಗಳನ್ನು ಪತ್ರಿಕೆಯಲ್ಲಿ ಓದುತ್ತೇವೆ, ಪುಟ ತಿರುಗಿಸುತ್ತೇವೆ. ಅವು ಎಲ್ಲಿಂದ ಬಂದವು ಎಂದು ಕೇಳುವುದಿಲ್ಲ. ನನ್ನ ವಾದ ಇಷ್ಟು. ಎಚ್‌ಐವಿ ವಿಷಯದಲ್ಲಿ ಒಂದು ಸಂಖ್ಯೆ ಎಷ್ಟು ನಿಜ ಎಂಬುದು ಲೆಕ್ಕ ಹಾಕುವ ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಪ್ರಶ್ನೆ ಕೇಳಿದಾಗ ಉತ್ತರ ಕೊಟ್ಟ ಮನುಷ್ಯನಿಗೆ ಎಷ್ಟು ಭಯವಿತ್ತು ಎಂಬುದೇ ಅದನ್ನು ತೀರ್ಮಾನಿಸುತ್ತದೆ. ಭಯ ಕಳೆಯುವುದು ದಯೆಯ ಕೆಲಸ ಎಂದು ನಾವು ತಿಳಿದಿದ್ದೇವೆ. ಅದು ಲೆಕ್ಕದ ಕೆಲಸವೂ ಹೌದು.

ಇದಕ್ಕೆ ಮೊದಲ ಸಾಕ್ಷಿ ಆಫ್ರಿಕಾದಿಂದ. ಎಚ್‌ಐವಿ ಇಲ್ಲದವರು ದಿನಕ್ಕೊಂದು ಮಾತ್ರೆ ತೆಗೆದುಕೊಂಡರೆ ಸೋಂಕು ತಗುಲದಂತೆ ತಡೆಯಬಹುದೇ ಎಂಬ ಪ್ರಶ್ನೆಗೆ 2009ರಿಂದ ಮೂರು ವರ್ಷ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಹೆಸರು ವಾಯ್ಸ್. ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆ ದೇಶಗಳ ಸುಮಾರು 5 ಸಾವಿರ ಮಹಿಳೆಯರು ಅದರಲ್ಲಿದ್ದರು. ಹೆಚ್ಚಿನವರು ಯುವತಿಯರು, ಮದುವೆಯಾಗದವರು. ಕೆಲವರಿಗೆ ಔಷಧಿಯ ಮಾತ್ರೆ, ಕೆಲವರಿಗೆ ಔಷಧಿಯ ಜೆಲ್, ಉಳಿದವರಿಗೆ ನೋಡಲು ಹಾಗೆಯೇ ಇದ್ದು ಔಷಧಿಯಿಲ್ಲದ ಮಾತ್ರೆ ಅಥವಾ ಜೆಲ್. ಯಾರಿಗೆ ಯಾವುದು ಸಿಕ್ಕಿದೆ ಎಂದು ಅವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಪ್ರತಿ ತಿಂಗಳು ಕ್ಲಿನಿಕ್ಕಿಗೆ ಬರಬೇಕು, ಪರೀಕ್ಷೆ ಮಾಡಿಸಬೇಕು, ಉಳಿದ ಮಾತ್ರೆ ಹಿಂದಿರುಗಿಸಬೇಕು. ಮಹಿಳೆಯರು ತಪ್ಪದೆ ಬಂದರು. ದಿನಾ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರೆ ಹೌದು ಎಂದರು. ಬಾಯಿಮಾತಿನ ಲೆಕ್ಕದಲ್ಲಿ ನೂರಕ್ಕೆ 90ರಷ್ಟು ದಿನ ಔಷಧಿ ಬಳಕೆಯಾಗಿತ್ತು. ಹಿಂದಿರುಗಿಸಿದ ಮಾತ್ರೆ ಎಣಿಸಿದರೂ ಹೆಚ್ಚುಕಡಿಮೆ ಅದೇ ಲೆಕ್ಕ. ಆದರೆ ಫಲಿತಾಂಶ ನೋಡಿದರೆ ಮಾತ್ರೆಯಿಂದ ಏನೂ ಉಪಯೋಗವಾಗಿರಲಿಲ್ಲ. ಔಷಧಿ ಪಡೆದ ಯಾವ ಗುಂಪಿನಲ್ಲೂ ಸೋಂಕು ಗಮನಾರ್ಹವಾಗಿ ಕಡಿಮೆಯಾಗಿರಲಿಲ್ಲ. ಇಲ್ಲಿ ನಿಲ್ಲಿಸಿದ್ದರೆ ತೀರ್ಪು ಒಂದೇ: ಈ ಔಷಧಿ ಕೆಲಸಕ್ಕೆ ಬಾರದು. ಅಷ್ಟರಲ್ಲಿ ಶೇಖರಿಸಿಟ್ಟಿದ್ದ ರಕ್ತದ ಮಾದರಿಗಳಲ್ಲಿ ಔಷಧಿಯ ಅಂಶವಿದೆಯೇ ಎಂದು ಪರೀಕ್ಷಿಸಲಾಯಿತು. ಮಾತ್ರೆ ಪಡೆದವರ ಮಾದರಿಗಳಲ್ಲಿ ನೂರಕ್ಕೆ 30ರಷ್ಟರಲ್ಲಿ ಮಾತ್ರ ಔಷಧಿ ಕಂಡಿತು. ಜೆಲ್ ಪಡೆದವರಲ್ಲಿ ಇನ್ನೂ ಕಡಿಮೆ. ಅಂದರೆ ಬಹುಪಾಲು ಮಹಿಳೆಯರು ಔಷಧಿ ತೆಗೆದುಕೊಂಡೇ ಇರಲಿಲ್ಲ. ಸೋತದ್ದು ಔಷಧಿಯಲ್ಲ. ಕೀನ್ಯಾ ಮತ್ತು ಉಗಾಂಡಾದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳ ನಡುವೆ ಇದೇ ಮಾತ್ರೆಯನ್ನು ಪರೀಕ್ಷಿಸಿದಾಗ ಸೋಂಕಿನ ಅಪಾಯ ನೂರಕ್ಕೆ 75ರಷ್ಟು ಇಳಿದಿತ್ತು. ಅಲ್ಲಿ ಮಾತ್ರೆ ಗಂಡ ಹೆಂಡತಿ ಇಬ್ಬರಿಗೂ ಗೊತ್ತಿದ್ದ ವಿಷಯ, ಅವರ ಒಪ್ಪಂದ.

ಹಾಗಾದರೆ ವಾಯ್ಸ್ ಪ್ರಯೋಗದ ಮಹಿಳೆಯರು ಸುಳ್ಳು ಹೇಳಿದರು ಎಂದು ಕೈ ತೊಳೆದುಕೊಳ್ಳೋಣವೇ? ಹಾಗೆ ಹೇಳುವುದು ಸುಲಭ, ಮತ್ತು ತಪ್ಪು. ಸಂಶೋಧಕರು ಆಮೇಲೆ ಕೆಲವು ಮಹಿಳೆಯರನ್ನು ಮತ್ತೆ ಭೇಟಿಯಾದರು. ಅವರವರ ರಕ್ತದ ಫಲಿತಾಂಶವನ್ನು ಅವರ ಮುಂದಿಟ್ಟರು. ಗದರಿಸಲಿಲ್ಲ. ಏನಾಯಿತು ಹೇಳಿ ಎಂದು ಕೇಳಿದರು. ಆಗ ಮಾತು ಬಂತು. ಇದು ಏಡ್ಸ್ ರೋಗಿಗಳು ನುಂಗುವ ಮಾತ್ರೆಯಂತೆಯೇ ಇದೆ, ಯಾರಾದರೂ ಡಬ್ಬಿ ನೋಡಿದರೆ ನನಗೇ ರೋಗ ಎಂದುಕೊಳ್ಳುತ್ತಾರೆ ಎಂಬ ಅಂಜಿಕೆ. ಜೊತೆಗಾರ ಬೇಡವೆಂದನೆಂಬ ಕಾರಣ. ಆರೋಗ್ಯವಾಗಿರುವ ಮೈಗೆ ಯಾಕೆ ಮದ್ದು, ಅಡ್ಡ ಪರಿಣಾಮ ಆದರೆ ಏನು ಗತಿ ಎಂಬ ಶಂಕೆ. ಹಾಗಿದ್ದೂ ಕ್ಲಿನಿಕ್ಕಿಗೆ ಯಾಕೆ ಬರುತ್ತಿದ್ದರು? ಅಲ್ಲಿ ತಿಂಗಳು ತಿಂಗಳು ಪರೀಕ್ಷೆ ಸಿಗುತ್ತಿತ್ತು, ಒಳ್ಳೆಯ ಆರೈಕೆ ಸಿಗುತ್ತಿತ್ತು. ಮಾತ್ರೆ ತೆಗೆದುಕೊಂಡಿಲ್ಲ ಎಂದರೆ ಅದನ್ನು ಕಳೆದುಕೊಳ್ಳುತ್ತೇವೇನೋ ಎಂಬ ಆತಂಕ ಇತ್ತು. ಕೇಳುಗರೇ, ಇದನ್ನು ಗಮನಿಸಿ. ಆ 90 ಎಂಬ ಸಂಖ್ಯೆ ಮಾತ್ರೆಯನ್ನು ಅಳೆಯಲಿಲ್ಲ. ಅದು ಅಳೆದದ್ದು ಭಯವನ್ನು. ಲೆಕ್ಕ ಸರಿಯಾಗಿಯೇ ಇತ್ತು, ಅಳತೆಗೆ ಸಿಕ್ಕ ವಸ್ತು ಮಾತ್ರ ಬೇರೆಯಾಗಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪ. ರಕ್ತ ಸುಳ್ಳು ಹೇಳುವುದಿಲ್ಲ, ಹಾಗಿದ್ದ ಮೇಲೆ ರಕ್ತ ಪರೀಕ್ಷೆಯನ್ನೇ ನಂಬೋಣ, ಜನರನ್ನು ಕೇಳುವ ಗೋಜು ಯಾಕೆ? ಇದಕ್ಕೆ ಎರಡು ಉತ್ತರಗಳಿವೆ. ಒಂದು, ರಕ್ತ ಹೇಳುವುದು ಕೆಲವೇ ದಿನಗಳ ಕಥೆಯನ್ನು. ನಿನ್ನೆ ಕ್ಲಿನಿಕ್ಕಿಗೆ ಹೊರಡುವ ಮೊದಲು ಒಂದು ಮಾತ್ರೆ ನುಂಗಿದ್ದರೂ ಅದು ತೋರಿಸುತ್ತದೆ, ತಿಂಗಳ ಉಳಿದ ದಿನಗಳ ವಿಷಯ ಹೇಳುವುದಿಲ್ಲ. ಯಾಕೆ ನುಂಗಲಿಲ್ಲ ಎಂಬುದನ್ನಂತೂ ಹೇಳುವುದೇ ಇಲ್ಲ. ಎರಡನೆಯದು ಸ್ವಲ್ಪ ಸೂಕ್ಷ್ಮ. 2010ರಲ್ಲಿ ಐಪ್ರೆಕ್ಸ್ ಎಂಬ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಆರು ದೇಶಗಳಲ್ಲಿ, ಪುರುಷರೊಂದಿಗೆ ಲೈಂಗಿಕ ಸಂಪರ್ಕ ಇರುವ ಪುರುಷರು ಮತ್ತು ಲಿಂಗಪರಿವರ್ತಿತ ಮಹಿಳೆಯರು ಸೇರಿ ಸುಮಾರು 2,500 ಜನ ಅದರಲ್ಲಿದ್ದರು. ಇಡೀ ಗುಂಪನ್ನು ಲೆಕ್ಕ ಹಾಕಿದರೆ ಮಾತ್ರೆ ಸೋಂಕನ್ನು ನೂರಕ್ಕೆ 44ರಷ್ಟು ತಗ್ಗಿಸಿತ್ತು. ರಕ್ತದಲ್ಲಿ ಔಷಧಿ ಕಂಡವರನ್ನಷ್ಟೇ ಬೇರೆ ಮಾಡಿ ನೋಡಿದರೆ ರಕ್ಷಣೆ ನೂರಕ್ಕೆ 90 ದಾಟಿತು. ಯಾವುದು ನಿಜ? ಎರಡೂ ನಿಜ. ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ದಿನಾ ಮಾತ್ರೆ ನುಂಗುವವನು ಇತರ ಎಚ್ಚರಿಕೆಗಳನ್ನೂ ತೆಗೆದುಕೊಳ್ಳುವವನಾಗಿರಬಹುದು. ಅವನಿಗೆ ಮನೆಯಲ್ಲಿ ಬೀಗ ಹಾಕುವ ಪೆಟ್ಟಿಗೆ ಇರಬಹುದು, ಕೇಳದೆ ಬಿಡುವ ಮನೆಯವರು ಇರಬಹುದು. ಅವನನ್ನು ಮಾತ್ರೆ ನುಂಗದವನ ಜೊತೆ ಹೋಲಿಸಿದರೆ ಔಷಧಿಯ ಗುಣವೂ ಬದುಕಿನ ಅನುಕೂಲವೂ ಬೆರೆತುಹೋಗುತ್ತವೆ. ಅದಕ್ಕೇ ಪ್ರಯೋಗ ಶುರುವಾಗುವ ಮೊದಲೇ ಬರೆದಿಡುತ್ತಾರೆ: ಯಾರನ್ನು ಯಾವ ಗುಂಪಿಗೆ ಚೀಟಿ ಎತ್ತಿ ಹಾಕಿದೆವೋ ಅವರನ್ನು ಆ ಗುಂಪಿನಲ್ಲೇ ಕೊನೆವರೆಗೂ ಎಣಿಸುತ್ತೇವೆ, ಮಾತ್ರೆ ನುಂಗಲಿ ಬಿಡಲಿ. ಈ ನಿಯಮ ಕೇಳಲು ಕಠಿಣ. ಕೆಲಸಕ್ಕೆ ಬಾರದ ಹಟ ಎಂದೂ ಅನಿಸುತ್ತದೆ. ಆದರೆ ಫಲಿತಾಂಶ ನೋಡಿದ ಮೇಲೆ ಬೇಕಾದವರನ್ನು ಇಟ್ಟುಕೊಂಡು ಬೇಡದವರನ್ನು ಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆಗೆ ಮೊದಲೇ ಹಾಕಿದ ಬೇಲಿ ಇದು. ಮಾತ್ರೆ ನುಂಗಲಾಗದವರ ಕಷ್ಟವನ್ನು ಲೆಕ್ಕದೊಳಗೇ ಉಳಿಸುವ ದಾರಿಯೂ ಇದೇ. 44 ಎಂಬ ಸಂಖ್ಯೆಯಲ್ಲಿ ಅವರ ಭಯವೂ ಇದೆ, ಮರೆವೂ ಇದೆ, ಬಡತನವೂ ಇದೆ.

ಇಲ್ಲಿಯವರೆಗೆ ಹೇಳಿದ್ದು ಇದು: ಬಾಯಿಮಾತಿನ ಉತ್ತರದಲ್ಲಿ ಭಯ ಸೇರಿಕೊಳ್ಳುತ್ತದೆ, ರಕ್ತ ಪರೀಕ್ಷೆ ಅದನ್ನು ಹೊರಗೆಡಹುತ್ತದೆ, ಆದರೆ ಕಾರಣ ತಿಳಿಸುವುದಿಲ್ಲ. ಈಗ ನಮ್ಮ ನಾಡಿಗೆ ಬರೋಣ. ಭಯವನ್ನೇ ತೆಗೆದು ಪ್ರಶ್ನೆ ಕೇಳಲು ಸಾಧ್ಯವೇ? ಕರ್ನಾಟಕದಲ್ಲಿ ಈ ಪ್ರಶ್ನೆಗೆ ಬಹಳ ಸರಳವಾದ ಒಂದು ಉತ್ತರ ಹುಡುಕಿದರು. ಅದನ್ನು ಮತಗಟ್ಟೆ ಸಮೀಕ್ಷೆ ಎನ್ನಬಹುದು. 2003ರ ನಂತರ ಆವಾಹನ್ ಎಂಬ ದೊಡ್ಡ ತಡೆ ಕಾರ್ಯಕ್ರಮ ಇಲ್ಲಿ ನಡೆಯುತ್ತಿತ್ತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು ಅದರಲ್ಲಿ ಕೆಲಸ ಮಾಡುತ್ತಿದ್ದರು. ಆ ದಿನಗಳಲ್ಲಿ ಈ ಬಗೆಯ ಸಮೀಕ್ಷೆ ಇಲ್ಲಿ ಬಳಕೆಗೆ ಬಂತು. ಚಿತ್ರ ಮನಸ್ಸಿಗೆ ತಂದುಕೊಳ್ಳಿ. ಒಂದು ಕೋಣೆ. ಹತ್ತು ಹನ್ನೆರಡು ಮಹಿಳೆಯರು, ಲೈಂಗಿಕ ಕಾರ್ಯಕರ್ತೆಯರು. ಒಬ್ಬೊಬ್ಬರಿಗೂ ಒಂದು ರಟ್ಟಿನ ಮರೆ, ಮತದಾನದ ದಿನ ಶಾಲೆಯ ಮೇಜಿನ ಮೇಲೆ ಇಡುತ್ತಾರಲ್ಲ, ಹಾಗೆ. ಮರೆಯ ಹಿಂದೆ ಬಣ್ಣ ಬೇರೆಯಾದ ಡಬ್ಬಗಳು. ಹೌದು ಎನ್ನಲು ಒಂದು, ಇಲ್ಲ ಎನ್ನಲು ಇನ್ನೊಂದು, ಪ್ರಶ್ನೆ ತನಗೆ ಅನ್ವಯಿಸದಿದ್ದರೆ ಮತ್ತೊಂದು. ಕೈಯಲ್ಲಿ ಪ್ರಶ್ನೆಯ ಸಂಖ್ಯೆ ಬರೆದ ಚೀಟಿಗಳ ಕಟ್ಟು. ಸಮೀಕ್ಷೆಯವರು ಗಟ್ಟಿಯಾಗಿ, ಆಡುಮಾತಿನಲ್ಲಿ, ಒಂದೊಂದೇ ಪ್ರಶ್ನೆ ಓದುತ್ತಾರೆ. ಕಳೆದ ವಾರ ಕಾಂಡೋಮ್ ಇಲ್ಲದೆ ಗಿರಾಕಿ ಜೊತೆ ಹೋಗಿದ್ದೀರಾ? ಪ್ರತಿಯೊಬ್ಬಳೂ ಆ ಸಂಖ್ಯೆಯ ಚೀಟಿಯನ್ನು ತನ್ನ ಉತ್ತರದ ಡಬ್ಬದಲ್ಲಿ ಹಾಕುತ್ತಾಳೆ. ಹೆಸರಿಲ್ಲ, ಸಹಿ ಇಲ್ಲ, ಓದು ಬರಹ ಬೇಕಿಲ್ಲ, ಅಂಕಿ ಗುರುತಿಸಿದರೆ ಸಾಕು. ಕೊನೆಯಲ್ಲಿ ಎಲ್ಲರ ಒಂದೇ ಬಣ್ಣದ ಡಬ್ಬಗಳ ಚೀಟಿಗಳನ್ನು ಒಟ್ಟುಗೂಡಿಸಿ ಎಣಿಸುತ್ತಾರೆ. ಯಾರು ಏನು ಹೇಳಿದರೆಂದು ಎಣಿಸುವವರಿಗೂ ತಿಳಿಯುವುದಿಲ್ಲ. ಫಲಿತಾಂಶವನ್ನು ಆ ಕೋಣೆಯಲ್ಲೇ ಆ ಮಹಿಳೆಯರೊಂದಿಗೆ ಚರ್ಚಿಸಬಹುದು. ಇದೇ ಪ್ರಶ್ನೆಗಳನ್ನು ಎದುರುಬದುರು ಕೂತು ಕೇಳಿದ ಸಮೀಕ್ಷೆಗಳ ಜೊತೆ ಹೋಲಿಸಿ ನೋಡಿದರು. ಸಮಾಜ ಒಪ್ಪದ, ಅಪಾಯದ ನಡವಳಿಕೆಗಳನ್ನು ಒಪ್ಪಿಕೊಂಡವರ ಪ್ರಮಾಣ ಮತಗಟ್ಟೆಯಲ್ಲಿ ಹೆಚ್ಚಿತ್ತು. ಜನ ಬದಲಾಗಿರಲಿಲ್ಲ. ಅವರ ಎದುರಿನ ಮುಖ ಮಾತ್ರ ಮರೆಯಾಗಿತ್ತು.

ಈ ವಿಧಾನದಲ್ಲಿ ಕೊರತೆ ಇಲ್ಲವೇ? ಇದೆ, ಮತ್ತು ಅದು ವಿಶ್ಲೇಷಕರನ್ನು ನೇರವಾಗಿ ಕಾಡುವ ಕೊರತೆ. ಮುಖಾಮುಖಿ ಸಮೀಕ್ಷೆಯಲ್ಲಿ ಒಬ್ಬಳ ವಯಸ್ಸು, ಓದು, ಊರು, ಉತ್ತರ ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ಚಿಕ್ಕ ವಯಸ್ಸಿನವರಿಗೆ ಅಪಾಯ ಹೆಚ್ಚೇ, ಲಾಡ್ಜಿನಲ್ಲಿ ಕೆಲಸ ಮಾಡುವವರಿಗಿಂತ ಮನೆಯಿಂದ ಕೆಲಸ ಮಾಡುವವರಿಗೆ ಕಡಿಮೆಯೇ ಎಂದೆಲ್ಲ ತೂಗಿ ನೋಡಬಹುದು. ಮತಗಟ್ಟೆಯಲ್ಲಿ ಆ ದಾರವೇ ಇಲ್ಲ. ಹನ್ನೆರಡರಲ್ಲಿ ಐದು ಹೌದು ಎಂದಷ್ಟೇ ಸಿಗುತ್ತದೆ. ಆ ಐದು ಯಾರು ಎಂದು ಸಿಗುವುದಿಲ್ಲ. ಹಾಗಾಗಿ ಇದು ಅರೆಬರೆ ಮಾಹಿತಿ ಎಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ತುಂಬ ವಿವರವಿರುವ ತಪ್ಪು ಉತ್ತರಕ್ಕಿಂತ ವಿವರ ಕಡಿಮೆಯಿರುವ ನಿಜವಾದ ಉತ್ತರ ಮೇಲು. ಮುಖಾಮುಖಿ ಸಮೀಕ್ಷೆಯನ್ನು ಬಿಡಬೇಕಾಗಿಯೂ ಇಲ್ಲ. ಎರಡನ್ನೂ ಮಾಡಿ ನಡುವಿನ ಅಂತರ ನೋಡಿದರೆ ಭಯದ ಗಾತ್ರ ಎಷ್ಟೆಂದು ಅಂದಾಜು ಸಿಗುತ್ತದೆ. ಇನ್ನೊಂದು ದಾರಿಯೂ ಇದೆ: ಬಾಯಿಮಾತಿನ ಜೊತೆ ರಕ್ತವನ್ನೂ ನೋಡುವುದು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ಆಶೋದಯ ಸಮಿತಿ ಕಟ್ಟಿಕೊಂಡರು. ಅಲ್ಲಿ 2004ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ ಸಮೀಕ್ಷೆ ನಡೆಯಿತು. ಅಪರೂಪದ ಗಿರಾಕಿಗಳ ಜೊತೆ ಕಾಂಡೋಮ್ ಬಳಸಿದೆವು ಎಂದವರ ಪ್ರಮಾಣ ನೂರಕ್ಕೆ 65ರಿಂದ 90ಕ್ಕೆ ಏರಿತು. ಬಾಯಿಮಾತು ತಾನೇ ಎಂದು ಸಂಶಯಪಡಬಹುದು. ಆದರೆ ಜೊತೆಗೆ ರಕ್ತ ಪರೀಕ್ಷೆಯೂ ನಡೆದಿತ್ತು. ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೆ ಇಳಿದಿತ್ತು. ಬಾಯಿ ಹೇಳಿದ್ದಕ್ಕೆ ರಕ್ತವೂ ಸಾಕ್ಷಿ ಹೇಳಿತು. ಎಚ್‌ಐವಿ ಮಾತ್ರ 26ರಿಂದ 24 ಆಯಿತು ಅಷ್ಟೆ, ಅದನ್ನು ಇಳಿಕೆ ಎನ್ನಲಾಗದು. ಇದನ್ನು ಸೋಲು ಎನ್ನಬೇಕೇ? ಬೇಡ. ಸಿಫಿಲಿಸ್ ಚಿಕಿತ್ಸೆಯಿಂದ ವಾಸಿಯಾಗುತ್ತದೆ, ಎಚ್‌ಐವಿ ವಾಸಿಯಾಗುವುದಿಲ್ಲ. ಹಳೆಯ ಸೋಂಕಿನವರು ಬದುಕಿರುವವರೆಗೂ ಎಣಿಕೆಯಲ್ಲಿ ಇರುತ್ತಾರೆ, ಇರಬೇಕು ಕೂಡ. ಚಿಕಿತ್ಸೆ ಚೆನ್ನಾಗಿ ಸಿಕ್ಕಷ್ಟೂ ಒಟ್ಟು ಸೋಂಕಿತರ ಸಂಖ್ಯೆ ಇಳಿಯುವುದು ನಿಧಾನ. ತಡೆ ಕಾರ್ಯ ಗೆದ್ದಿತೇ ಎಂದು ಕೇಳಬೇಕಾದರೆ ಹೊಸ ಸೋಂಕನ್ನು ನೋಡಬೇಕು. ಅದು ನೇರವಾಗಿ ಸಿಗದಿದ್ದಾಗ ಸಿಫಿಲಿಸ್‌ನಂಥ ಪಕ್ಕದ ಸಾಕ್ಷಿಯನ್ನು ನೋಡಬೇಕು.

ಇದುವರೆಗೆ ಉತ್ತರ ಕೊಟ್ಟವರ ಭಯದ ಮಾತಾಯಿತು. ಇನ್ನು ಉತ್ತರ ಕೊಡಲು ಯಾರು ಸಿಕ್ಕರು ಎಂಬ ಪ್ರಶ್ನೆ. ಅಲ್ಲೂ ಭಯವೇ ಕೆಲಸ ಮಾಡುತ್ತದೆ, ಬೇರೆ ರೀತಿಯಲ್ಲಿ. 2006ರವರೆಗೆ ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಇದೆ ಎಂದು ಅಧಿಕೃತವಾಗಿ ಹೇಳಲಾಗುತ್ತಿತ್ತು. 2007ರ ಜುಲೈನಲ್ಲಿ ಆ ಸಂಖ್ಯೆ ಒಮ್ಮೆಲೇ ಸುಮಾರು 25 ಲಕ್ಷಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಅರ್ಧ ಜನ ಮಾಯವಾಗಲಿಲ್ಲ. ಎಣಿಸುವ ರೀತಿ ಬದಲಾಯಿತು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುತ್ತೇವೆ. ತಳದ ಅಗುಳನ್ನೇ ಹಿಸುಕಿದರೆ ಇಡೀ ಪಾತ್ರೆ ಬೆಂದಂತೆ ಕಾಣುತ್ತದೆ. ಹಳೆಯ ಲೆಕ್ಕದ ತೊಡಕು ಅಂಥದ್ದು. ಅದು ಮುಖ್ಯವಾಗಿ ಸರ್ಕಾರಿ ಆಸ್ಪತ್ರೆಗೆ ಬರುವ ಗರ್ಭಿಣಿಯರ ಮತ್ತು ಗುಹ್ಯರೋಗ ಚಿಕಿತ್ಸಾಲಯಗಳಿಗೆ ಬರುವವರ ರಕ್ತ ಪರೀಕ್ಷೆಯನ್ನು ಆಧರಿಸಿತ್ತು. ಆಂಧ್ರಪ್ರದೇಶದ ಗುಂಟೂರು ಜಿಲ್ಲೆಯಲ್ಲಿ ಲಲಿತ್ ದಂಡೋನಾ ಮತ್ತು ಸಂಗಡಿಗರು ಮನೆ ಮನೆಗೆ ಹೋಗಿ ಪರೀಕ್ಷೆ ಮಾಡಿ 2006ರಲ್ಲಿ ವರದಿ ಪ್ರಕಟಿಸಿದರು. ಅಧಿಕೃತ ವಿಧಾನದ ಅಂದಾಜು ವಾಸ್ತವಕ್ಕಿಂತ ಎರಡು ಪಟ್ಟಿಗೂ ಹೆಚ್ಚಿದೆ ಎಂದು ಅವರು ಕಂಡರು. ಕಾರಣಗಳಲ್ಲಿ ಒಂದನ್ನು ನಿಮ್ಮ ಗಮನಕ್ಕೆ ತರಬೇಕು. ಎಚ್‌ಐವಿ ಇದೆ ಅಥವಾ ಇರಬಹುದು ಎಂದು ಅನುಮಾನ ಬಂದ ರೋಗಿಗಳನ್ನು ಖಾಸಗಿ ಆಸ್ಪತ್ರೆಗಳು ಸರ್ಕಾರಿ ಆಸ್ಪತ್ರೆಗೆ ಸಾಗಹಾಕುವ ರೂಢಿ ಇತ್ತು. ಹಾಗೆ ಕಳಿಸಿದವರೆಲ್ಲ ಬಂದು ಸೇರಿದ ಜಾಗದಲ್ಲೇ ಎಣಿಕೆ ನಡೆಯುತ್ತಿತ್ತು. ಬಾಗಿಲು ಮುಚ್ಚಿದವರ ಭಯ ಇಡೀ ದೇಶದ ಅಂಕಿಯನ್ನು ಉಬ್ಬಿಸಿತು. ಅದೇ ಹೊತ್ತಿಗೆ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿತು. ದೇಶದ ವಯಸ್ಕರಲ್ಲಿ ಸೋಂಕು ನೂರಕ್ಕೆ 0.3ರ ಹತ್ತಿರ ಬಂತು. ಕರ್ನಾಟಕದಲ್ಲಿ 0.7ರ ಹತ್ತಿರ.

ಆಗ ಎರಡು ಕಡೆಯಿಂದ ತಕರಾರು ಬಂತು. ಸಂಖ್ಯೆ ಇಳಿದರೆ ಸರ್ಕಾರಕ್ಕೂ ದಾನಿಗಳಿಗೂ ಆಸಕ್ತಿ ಇಳಿಯುತ್ತದೆ, ಹಣ ಕಡಿಮೆಯಾಗುತ್ತದೆ ಎಂಬುದು ಒಂದು. ಮನೆಯ ಸಮೀಕ್ಷೆ ಮನೆಯಲ್ಲಿರುವವರನ್ನು ಮಾತ್ರ ಎಣಿಸುತ್ತದೆ ಎಂಬುದು ಇನ್ನೊಂದು. ಎರಡನೆಯದು ಗಟ್ಟಿಯಾದ ಮಾತು. ಲಾಡ್ಜಿನಲ್ಲಿರುವವರು, ಲಾರಿಯಲ್ಲೇ ತಿಂಗಳು ಕಳೆಯುವವರು, ಜೈಲಿನಲ್ಲಿರುವವರು, ಕೆಲಸ ಹುಡುಕಿ ಗುಳೆ ಹೋದವರು ಮನೆಯ ಪಟ್ಟಿಯಲ್ಲಿ ಸಿಗುವುದಿಲ್ಲ. ರಕ್ತ ಕೊಡಲು ಒಪ್ಪದವರು ಒಪ್ಪಿದವರಂತೆಯೇ ಇದ್ದಾರೆಂದು ಹೇಳುವಂತೆಯೂ ಇಲ್ಲ. ಅದಕ್ಕೇ ಕೊನೆಯ ಅಂದಾಜು ಮಾಡುವಾಗ ಮನೆಯ ಸಮೀಕ್ಷೆಯ ಸಂಖ್ಯೆಯನ್ನು ಹಾಗೇ ಎತ್ತಿಕೊಳ್ಳಲಿಲ್ಲ. ಅಪಾಯ ಹೆಚ್ಚಿರುವ ಗುಂಪುಗಳ ಸಮೀಕ್ಷೆಯನ್ನೂ ಆಸ್ಪತ್ರೆಗಳ ಸಮೀಕ್ಷೆಯನ್ನೂ ಅದರ ಜೊತೆ ಕೂಡಿಸಿ, ಸ್ವಲ್ಪ ಮೇಲಕ್ಕೆ, ನೂರಕ್ಕೆ 0.36 ಎಂದು ನಿಗದಿ ಮಾಡಿದರು. ಮೊದಲ ತಕರಾರಿಗೆ ನನ್ನ ಉತ್ತರ ಹೀಗೆ. ಹಣ ಬರಲೆಂದು ಸಂಖ್ಯೆಯನ್ನು ದೊಡ್ಡದಾಗಿಯೇ ಇಟ್ಟುಕೊಂಡರೆ ಹಣ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ದೇಶದ ಸರಾಸರಿ ಇಳಿದ ಅದೇ ದಶಕದಲ್ಲಿ, ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಒಂದು ಜನಸಾಮಾನ್ಯರ ಸಮೀಕ್ಷೆ ವಯಸ್ಕರಲ್ಲಿ ನೂರಕ್ಕೆ ಸುಮಾರು 3ರಷ್ಟು ಸೋಂಕು ತೋರಿಸಿತ್ತು. ರಾಜ್ಯದ ಸರಾಸರಿಯ ನಾಲ್ಕು ಪಟ್ಟು. ಎಲ್ಲೆಡೆ ಬೆಂಕಿ ಎಂದು ಕೂಗುತ್ತ ಕೂತರೆ ನಿಜವಾಗಿ ಉರಿಯುತ್ತಿರುವ ಜಿಲ್ಲೆಗೆ ನೀರು ತಲುಪುವುದಿಲ್ಲ.

ಯಾರು ಏನು ಹೇಳಿದರು, ಯಾರು ಸಿಕ್ಕರು ಎಂದು ನೋಡಿದ್ದಾಯಿತು. ಈಗ ವಿಶ್ಲೇಷಕರ ಕಂಪ್ಯೂಟರಿನ ಒಳಗೆ ಹೋಗೋಣ. ಒಂದು ಸಾಲನ್ನು ಕಲ್ಪಿಸಿಕೊಳ್ಳಿ. ಮೊದಲು ಒಂದು ಸಂಕೇತ ಸಂಖ್ಯೆ, ಹೆಸರಿನ ಬದಲಿಗೆ. ಆಮೇಲೆ ವಯಸ್ಸು 34. ಮೂರನೆಯ ಭೇಟಿ. ಕಾಂಡೋಮ್ ಪ್ರಶ್ನೆಗೆ 1, ಅಂದರೆ ಹೌದು. ಗಂಡ ಹೊಡೆಯುತ್ತಾನೆಯೇ ಎಂಬ ಪ್ರಶ್ನೆಗೆ 99. ಈ 99 ವಯಸ್ಸೂ ಅಲ್ಲ, ಎಣಿಕೆಯೂ ಅಲ್ಲ. ಉತ್ತರ ಸಿಗಲಿಲ್ಲ ಎಂಬ ಗುರುತು. ಅನುಭವವಿಲ್ಲದವರು ಇದನ್ನು ಅಳಿಸಿ ಮುಂದೆ ಹೋಗುತ್ತಾರೆ. ಅನುಭವಸ್ಥರು ಇಲ್ಲೇ ನಿಲ್ಲುತ್ತಾರೆ. ಪ್ರಶ್ನೆ ಕೇಳಲೇ ಇಲ್ಲವೇ? ಕೇಳಿದಾಗ ಸುಮ್ಮನಾದಳೇ? ಸಂದರ್ಶನ ಕ್ಲಿನಿಕ್ಕಿನಲ್ಲಿ ನಡೆಯಿತೇ, ಮನೆಯ ಪಡಸಾಲೆಯಲ್ಲಿ ಅತ್ತೆ ಕೂತಿದ್ದಾಗ ನಡೆಯಿತೇ? ಇಂಥ 99ಗಳು ಒಬ್ಬನೇ ಸಂದರ್ಶಕನ ಹಾಳೆಗಳಲ್ಲಿ ಗುಂಪುಗೂಡಿವೆಯೇ? ಗುಂಪುಗೂಡಿದ್ದರೆ ತೊಂದರೆ ಮಹಿಳೆಯರಲ್ಲಿಲ್ಲ, ಕೇಳಿದ ರೀತಿಯಲ್ಲಿದೆ. ಇನ್ನೊಂದು ಅಪಾಯ ಇದೇ ಸಾಲಿನಲ್ಲಿದೆ. ಹೆಸರು ಇಲ್ಲದಿದ್ದರೂ ತಾಲ್ಲೂಕು, ವಯಸ್ಸು, ವಿಧವೆ, ಬೀಡಿ ಕಟ್ಟುವ ಕೆಲಸ, ಮಕ್ಕಳು ಮೂವರು ಎಂದು ಐದು ವಿವರ ಒಟ್ಟಿಗೆ ಸಿಕ್ಕರೆ ಊರಿನವರಿಗೆ ಆಕೆ ಯಾರೆಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ವರದಿಯ ಕೋಷ್ಟಕದ ಯಾವುದೇ ಚೌಕದಲ್ಲಿ ಮೂರು ನಾಲ್ಕು ಜನ ಮಾತ್ರ ಉಳಿದರೆ ಆ ಸಂಖ್ಯೆಯನ್ನು ಮುಚ್ಚುತ್ತಾರೆ, ಅಥವಾ ಪಕ್ಕದ ಗುಂಪಿಗೆ ಸೇರಿಸುತ್ತಾರೆ. ಓದುವವರಿಗೆ ಇದು ಕೊರತೆಯಂತೆ ಕಾಣುತ್ತದೆ. ಆಕೆಗೆ ಅದು ಬದುಕು.

ಇನ್ನೂ ಭಾರವಾದ ಗುಟ್ಟುಗಳೂ ಇಲ್ಲಿ ಬರುತ್ತವೆ. 2011ರಲ್ಲಿ ಎಚ್‌ಪಿಟಿಎನ್ 052 ಎಂಬ ಪ್ರಯೋಗದ ಫಲಿತಾಂಶ ಇಡೀ ಜಗತ್ತಿನ ಏಡ್ಸ್ ನೀತಿಯನ್ನು ಬದಲಿಸಿತು. ಒಬ್ಬರಿಗೆ ಮಾತ್ರ ಸೋಂಕಿದ್ದ 1,700ಕ್ಕೂ ಹೆಚ್ಚು ಜೋಡಿಗಳು ಅದರಲ್ಲಿದ್ದರು. ನಮ್ಮ ಚೆನ್ನೈ, ಪುಣೆ ಕೇಂದ್ರಗಳೂ ಇದ್ದವು. ಸೋಂಕಿರುವವರಿಗೆ ಬೇಗ ಚಿಕಿತ್ಸೆ ಕೊಟ್ಟರೆ ಜೊತೆಗಾರರಿಗೆ ಹರಡುವುದು ನೂರಕ್ಕೆ 96ರಷ್ಟು ತಗ್ಗುತ್ತದೆ ಎಂದು ಅದು ತೋರಿಸಿತು. ಇದನ್ನು ಖಚಿತವಾಗಿ ಹೇಳಲು ವೈರಸ್ಸಿನ ವಂಶವಾಹಿಯನ್ನೇ ಹೋಲಿಸಿ ನೋಡಿದ್ದರು. ಜೊತೆಗಾರರಲ್ಲಿ ಕಂಡ 39 ಹೊಸ ಸೋಂಕುಗಳಲ್ಲಿ 28 ಮಾತ್ರ ಅದೇ ಜೋಡಿಯೊಳಗಿಂದ ಬಂದವು ಎಂದು ಸಾಬೀತಾಯಿತು. ಉಳಿದವುಗಳಲ್ಲಿ ಹಲವು ಹೊರಗಿನಿಂದ ಬಂದವು. ಯೋಚಿಸಿ, ಕೇಳುಗರೇ. ಒಂದು ಮನೆಯನ್ನು ಒಡೆಯಬಲ್ಲ ಮಾಹಿತಿ ಇದು. ಹಿಂಸೆಗೂ ದಾರಿಯಾಗಬಲ್ಲದು. ಅದಿಲ್ಲದೆ 96 ಎಂಬ ಸಂಖ್ಯೆ ಅಷ್ಟು ಸ್ಪಷ್ಟವಾಗಿ ಬರುತ್ತಿರಲಿಲ್ಲ. ಆ ಜೋಡಿಗಳು ತಮ್ಮ ರಕ್ತ ಕೊಟ್ಟದ್ದು ಈ ಗುಟ್ಟು ಲೆಕ್ಕದ ಕೋಣೆ ದಾಟಿ ಹೋಗದು ಎಂಬ ನಂಬಿಕೆಯ ಮೇಲೆ.

ಇಲ್ಲಿ ಕೊನೆಯ ಆಕ್ಷೇಪ, ನಮ್ಮಲ್ಲಿ ಹಲವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು. ಸಾಂಕ್ರಾಮಿಕ ರೋಗದಲ್ಲಿ ಗುಟ್ಟು ಯಾಕೆ? ಹೆಸರು, ವಿಳಾಸ ಬರೆದುಕೊಂಡು ಬೆನ್ನು ಹತ್ತಿದರೆ ರೋಗ ಬೇಗ ನಿಲ್ಲುವುದಿಲ್ಲವೇ? ನಾವು ಅದನ್ನೂ ಮಾಡಿ ನೋಡಿದ್ದೇವೆ. 1989ರಲ್ಲಿ ಗೋವಾದಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕ ಇದ್ದ. ಸ್ವಇಚ್ಛೆಯಿಂದ ರಕ್ತದಾನ ಮಾಡುತ್ತಿದ್ದವನು. ದಾನ ಮಾಡಿದ ರಕ್ತದಲ್ಲಿ ಎಚ್‌ಐವಿ ಕಂಡಿತು. ಅಲ್ಲಿನ ಕಾನೂನಿನ ಪ್ರಕಾರ ಪೊಲೀಸರು ಬಂದರು. ಕ್ಷಯರೋಗದ ಹಳೆಯ ಕಟ್ಟಡವೊಂದರಲ್ಲಿ ಅವನನ್ನು ಒಂಟಿಯಾಗಿ ಎರಡು ತಿಂಗಳು ಕೂಡಿಹಾಕಿದರು. ನ್ಯಾಯಾಲಯಕ್ಕೆ ಹೋದ ಮೇಲೆ ಹೊರಬಂದ. ಅದನ್ನು ಕಂಡ ಬೇರೆಯವರು ಪರೀಕ್ಷೆಗೆ ಬರುತ್ತಾರೆಯೇ? ಬಂದರೂ ನಿಜ ವಿಳಾಸ ಕೊಡುತ್ತಾರೆಯೇ? ಒಪ್ಪಬೇಕಾದ ಮಾತೊಂದು ಇಲ್ಲಿ ಇದೆ. ಚಿಕಿತ್ಸೆಗೆ ಹೆಸರು ಬೇಕು. ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಯಾರು ಈ ತಿಂಗಳು ಮಾತ್ರೆಗೆ ಬರಲಿಲ್ಲ ಎಂದು ತಿಳಿಯದಿದ್ದರೆ ಅವರ ಜೀವಕ್ಕೆ ಅಪಾಯ. ಆದರೆ ಚಿಕಿತ್ಸೆಯ ದಾಖಲೆ ಬೇರೆ, ಸಂಶೋಧನೆಯ ಕಡತ ಬೇರೆ, ಪೊಲೀಸರ ಪಟ್ಟಿ ಬೇರೆ. ಇವು ಒಂದರೊಳಗೊಂದು ಸೋರದಂತೆ ನೋಡಿಕೊಳ್ಳಬೇಕು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದಕ್ಕೆ ಬಲ ಕೊಡುತ್ತದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಒಪ್ಪಿಗೆ ಇಲ್ಲದೆ ಒಬ್ಬರ ಸೋಂಕಿನ ವಿಷಯ ಇನ್ನೊಬ್ಬರಿಗೆ ಹೇಳಬಾರದು, ಇಂಥ ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆಗಳು ಅದನ್ನು ಕಾಪಾಡುವ ಏರ್ಪಾಡು ಮಾಡಬೇಕು. ಇದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ಇಷ್ಟು ಕೇಳಿದ ಮೇಲೆ ಹೊಸ ಔಷಧಿಗಳ ಕಾಲದಲ್ಲಿ ಇದೆಲ್ಲ ಹಳೆಯ ಕಥೆಯಾಗುತ್ತದಲ್ಲವೇ ಎಂದು ಕೇಳಬಹುದು. 2024ರಲ್ಲಿ ಲೆನಕಾಪವಿರ್ ಎಂಬ ಚುಚ್ಚುಮದ್ದಿನ ಫಲಿತಾಂಶ ಬಂತು. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಅದನ್ನು ಪಡೆದ ಸುಮಾರು 2,100 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ದಿನಾ ಮಾತ್ರೆ ಪಡೆದ ಗುಂಪುಗಳಲ್ಲಿ ಸೋಂಕು ಕಂಡಿತು. ಅವರ ರಕ್ತ ನೋಡಿದರೆ ಹೆಚ್ಚಿನವರು ಮಾತ್ರೆಯನ್ನು ನಿಯಮಿತವಾಗಿ ನುಂಗಿರಲಿಲ್ಲ. ವಾಯ್ಸ್ ಪ್ರಯೋಗದ ಕಥೆಯೇ ಮತ್ತೆ. ಚುಚ್ಚುಮದ್ದನ್ನು ನರ್ಸ್ ಕಣ್ಣೆದುರೇ ಕೊಡುವುದರಿಂದ ತೆಗೆದುಕೊಂಡಿರಾ ಎಂದು ಕೇಳುವ ಅಗತ್ಯವೇ ಇಲ್ಲ. ಅಷ್ಟರ ಮಟ್ಟಿಗೆ ಇದು ದೊಡ್ಡ ಸಮಾಧಾನ. ಭಾರತದ ಕಂಪನಿಗಳೂ ಇದನ್ನು ಕಡಿಮೆ ಬೆಲೆಗೆ ತಯಾರಿಸಲು ಪರವಾನಗಿ ಪಡೆದಿವೆ. ಆದರೆ ಭಯ ಜಾಗ ಬದಲಿಸುತ್ತದೆ ಅಷ್ಟೆ. ಮಾತ್ರೆಯ ಡಬ್ಬಿ ಬಚ್ಚಿಡುವ ಭಯ ಹೋಯಿತು. ಕ್ಲಿನಿಕ್ಕಿನ ಬಾಗಿಲಲ್ಲಿ ಯಾರಾದರೂ ನೋಡಿಬಿಟ್ಟರೆ ಎಂಬ ಭಯ ಉಳಿಯಿತು. ಪ್ರಯೋಗದಲ್ಲಿ ಬಸ್ ಚಾರ್ಜು ಕೊಡುತ್ತಾರೆ, ಫೋನ್ ಮಾಡಿ ನೆನಪಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾಗೆ ಮಾಡುವವರು ಯಾರು? ಮೊದಲ ಚುಚ್ಚುಮದ್ದಿಗೆ ಬಂದು ಎರಡನೆಯದಕ್ಕೆ ಬಾರದವರು ಇರುತ್ತಾರೆ. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಬರಲಿಲ್ಲ ಎಂದು ಬರೆದು ಬಿಟ್ಟರೆ, ಊರು ಬಿಟ್ಟವಳು, ಗಂಡ ತಡೆದವಳು, ಸ್ಟಾಫ್ ನರ್ಸ್ ತನ್ನ ಊರಿನವಳೆಂದು ಹೆದರಿದವಳು, ಬೇರೆ ಕಡೆ ಚುಚ್ಚಿಸಿಕೊಂಡವಳು ಎಲ್ಲರೂ ಒಂದೇ ಅಂಕಿಯಾಗುತ್ತಾರೆ. ಅವರನ್ನು ಬೇರೆ ಬೇರೆಯಾಗಿ ತಿಳಿಯಬೇಕಾದರೆ ಆ ರಿಜಿಸ್ಟರಿನಲ್ಲಿ ಕಾರಣಕ್ಕೆ ಒಂದು ಕಾಲಂ ಬೇಕು. ಕಾರಣ ಕೇಳಲು ಅದೇ ಸಮುದಾಯದ ಒಬ್ಬ ಕಾರ್ಯಕರ್ತೆ ಬೇಕು, ಅವಳಿಗೆ ಸಂಬಳ ಬೇಕು, ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ ಬೇಕು. ಇವೆಲ್ಲ ಅಂಕಿಗಳು ಬಂದ ಮೇಲೆ ಸೇರಿಸುವಂಥವಲ್ಲ. ಯೋಜನೆಯ ಬಜೆಟ್ ಬರೆಯುವ ದಿನವೇ ವಿಶ್ಲೇಷಕರು ಆ ಸಭೆಯಲ್ಲಿ ಕೂತು, ಇವಕ್ಕೆಲ್ಲ ಹಣ ಎತ್ತಿಡಿ ಎಂದು ಕೇಳಬೇಕು.